428 ಅನ್ನೋ ನಂಬರಿನ ಹಿಂದಿನ ಕತೆ

ವೀಕೆಂಡಿಗೆ ಕಾಡುದಾರಿ ಹಿಡಿಯೋ ಸಣ್ಣ ಟ್ರೇಲ್ ಬೈಕ್ ಇಟ್ಟುಕೊಂಡವರಿಗೆ ಚೈನ್ ಬದಲಿಸೋ ದಿನ ಬಂದೇ ಬರುತ್ತೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಮೊದಲ ಪ್ರಶ್ನೆ, "428ಆ ಸರ್, 520ಆ?" ಬೈಕಿನ ನಟ್ಟು ಬೋಲ್ಟೆಲ್ಲ ಮಿಲಿಮೀಟರಿನಲ್ಲಿದ್ದರೂ ಚೈನಿನ ಲೆಕ್ಕ ಮಾತ್ರ ಇವತ್ತಿಗೂ ಇಂಚಿನಲ್ಲೇ. ಮೊದಲ ಅಂಕಿ ಹೇಳೋದು ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇಂಚಿನ ಎಂಟನೇ ಎಷ್ಟು ಭಾಗ ಅಂತ. 4 ಅಂದ್ರೆ ಅರ್ಧ ಇಂಚು, 12.7 ಮಿ.ಮೀ. 5 ಅಂದ್ರೆ 5/8 ಇಂಚು. ಹಾಗಾಗಿ 428ರ ಸ್ಪ್ರಾಕೆಟ್ ಮೇಲೆ 520 ಕೂರಲ್ಲ. ಮಿಕ್ಕ ಎರಡು ಅಂಕಿ ಅಗಲದ್ದು.

ಈ ಅರ್ಧ ಇಂಚು ಸೈಕಲ್ಲಿನದು. ಮಕ್ಕಳ ಸೈಕಲ್ ಚೈನಿನ ಪಿಚ್ ಕೂಡ ಅಷ್ಟೇ. ಸೈಕಲ್ಲಿಗಿಂತ ಹಿಂದೆ ಹೋದರೆ ಇಂಗ್ಲೆಂಡಿನ ಬಟ್ಟೆ ಗಿರಣಿಗಳು ಸಿಗುತ್ತವೆ. ಗಿರಣಿ ಯಂತ್ರಗಳಿಗೆ ಚೈನ್ ಮಾಡುತ್ತಿದ್ದ ಜೇಮ್ಸ್ ಸ್ಲೇಟರ್ 1864ರಲ್ಲೇ ರೋಲರ್ ಚೈನಿಗೆ ಪೇಟೆಂಟ್ ಪಡೆದಿದ್ದ. ಅದು ಬೇಗ ಸವೆಯುತ್ತಿತ್ತು, ಯಾಕಂದ್ರೆ ಭಾರವೆಲ್ಲ ತೆಳು ಪಟ್ಟಿಯ ಅಂಚಿನ ಮೇಲೆ ಬೀಳುತ್ತಿತ್ತು. ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಹ್ಯಾನ್ಸ್ ರೆನಾಲ್ಡ್ 1879ರಲ್ಲಿ ಸ್ಯಾಲ್ಫರ್ಡಿನ ಆ ಉದ್ಯಮವನ್ನು ಕೊಂಡ, 1880ರಲ್ಲಿ ತನ್ನದೇ ಪೇಟೆಂಟ್ ತಗೊಂಡ. ಮಾಡಿದ್ದಿಷ್ಟೇ: ಪಿನ್ನಿನ ಸುತ್ತ ಒಂದು ಪುಟ್ಟ ಕೊಳವೆ, ಅಂದ್ರೆ ಬುಷ್ ತೊಡಿಸಿದ. ಭಾರ ಇಡೀ ಅಗಲಕ್ಕೆ ಹಂಚಿಹೋಯ್ತು. ಐದೇ ವರ್ಷದಲ್ಲಿ, 1885ರಲ್ಲಿ, ಹಿಂದಿನ ಚಕ್ರಕ್ಕೆ ಚೈನ್ ಹಾಕಿದ ರೋವರ್ ಸೈಕಲ್ ಬಂತು. ಸ್ಲೇಟರ್ ಹೆಸರು ಯಾರಿಗೂ ನೆನಪಿಲ್ಲ, ಪಾಪ.

ನಾವು ದುಡ್ಡು ಕೊಡೋದೂ ಕಣ್ಣಿಗೆ ಕಾಣದ ಈ ಬುಷ್ಷಿಗೇ. "ಚೈನ್ ಎಳೆದುಕೊಂಡಿದೆ" ಅಂತಾರಲ್ಲ, ಅಲ್ಲಿ ಪಟ್ಟಿ ಹಿಗ್ಗಿರೋದಿಲ್ಲ. ಪಿನ್ನೂ ಬುಷ್ಷೂ ಸವೆದಿರುತ್ತವೆ. 118 ಲಿಂಕಿನ 428 ಚೈನ್ ಹೆಚ್ಚುಕಮ್ಮಿ ಒಂದೂವರೆ ಮೀಟರ್. ಒಂದೊಂದು ಕೀಲಿನಲ್ಲಿ ಬರೀ 0.1 ಮಿ.ಮೀ. ಸವೆದರೂ ಒಟ್ಟು 11.8 ಮಿ.ಮೀ., ಸುಮಾರು ಒಂದು ಲಿಂಕಿನಷ್ಟು ಉದ್ದ! ಎಣ್ಣೆಗೆ ಅಂಟಿದ ಮಣ್ಣು ಈ ಕೀಲಿಗೆ ಉಪ್ಪುಕಾಗದದ ಹಾಗೆ ಕೆಲಸ ಮಾಡುತ್ತೆ.

ಹಳೇ ಪರಿಹಾರ ಮುಚ್ಚಳ. 1958ರ ಹೋಂಡಾ ಸೂಪರ್ ಕಬ್‌ಗೆ ಪೂರ್ತಿ ಚೈನ್ ಕವರ್ ಇತ್ತು. ನಮ್ಮ ಮೈಸೂರಿನ ಜಾವಾಗೂ ಇತ್ತು, ಮನೆಯ ಹಿರಿಯರನ್ನು ಕೇಳಿ ನೋಡಿ. ಆದರೆ ಗುಡ್ಡ ಹತ್ತೋಕೆ ಈ ಮುಚ್ಚಳ ಆಗಿಬರಲಿಲ್ಲ. ಅಮೆರಿಕದ ಐಡಹೊ ರಾಜ್ಯದ ಬಾಯ್ಸಿ ಊರಿನಲ್ಲಿ ಹೋಂಡಾ ಡೀಲರ್ ಆಗಿದ್ದ ಹರ್ಬ್ ಉಲ್, ಸೂಪರ್ ಕಬ್‌ನ ಹಿಂದಿನ ಚಕ್ರಕ್ಕೆ ದೊಡ್ಡ ಸ್ಪ್ರಾಕೆಟ್ ಹಾಕಿ ಬೆಟ್ಟದ ದಾರಿಗೆ ಮಾರತೊಡಗಿದ. ಮಾರಾಟ ನೋಡಿ ಹೋಂಡಾ ತಾನೇ 1961ರಲ್ಲಿ ಟ್ರೇಲ್ ಮಾದರಿ ತಂತು. ಹಿಂದೆ ಎರಡು ಸ್ಪ್ರಾಕೆಟ್. ಊರಿನೊಳಗೆ ಸಣ್ಣದು, ಏರು ಬಂದಾಗ ಇಳಿದು, ಚೈನ್ ಲಾಕ್ ಬಿಚ್ಚಿ, ಜೊತೆಗೆ ತಂದ ತುಂಡು ಚೈನ್ ಸೇರಿಸಿ ದೊಡ್ಡದರ ಮೇಲೆ ಕೂರಿಸಬೇಕು. ಕೈಯೆಲ್ಲ ಗ್ರೀಸು! ಅರವತ್ತರ ದಶಕದ ಕೊನೆಯ ಹೊತ್ತಿಗೆ ಸಿಟಿ90ಗೆ ಎರಡು ಹಂತದ ಗೇರ್‌ಬಾಕ್ಸ್ ಬಂದು ಈ ಕಾಟ ತಪ್ಪಿತು. ಸ್ಪ್ರಾಕೆಟ್ ದೊಡ್ಡದಾದರೆ ಲಿಂಕೂ ಹೆಚ್ಚು ಬೇಕು ಅನ್ನೋದು ಮಾತ್ರ ಹಾಗೇ ಉಳಿದಿದೆ. ಹಲ್ಲಿನ ಸಂಖ್ಯೆ ಬದಲಿಸೋರು ಕಂಪನಿ ಹೇಳಿದ ಲಿಂಕ್ ಲೆಕ್ಕವನ್ನೇ ನಂಬಿ ಚೈನ್ ತರಬಾರದು.

ಎಪ್ಪತ್ತರ ದಶಕದಲ್ಲಿ ಓ-ರಿಂಗ್ ಚೈನ್ ಬಂತು. ನನ್ನ ಕಣ್ಣಿಗೆ ಇದು ಜಾವಾದ ಮುಚ್ಚಳವನ್ನೇ ಚಿಕ್ಕದು ಮಾಡಿ ಒಂದೊಂದು ಕೀಲಿಗೂ ತೊಡಿಸಿದ ಹಾಗೆ. ಗ್ರೀಸ್ ಒಳಗೇ ಉಳಿಯುತ್ತೆ, ಮಣ್ಣು ಹೊರಗೇ. ತೊಂದರೆ ಇಲ್ಲ ಅಂತಲ್ಲ. ಬೆಲೆ ಜಾಸ್ತಿ, ರಬ್ಬರಿನ ತಿಕ್ಕಾಟಕ್ಕೆ ಒಂಚೂರು ಶಕ್ತಿ ಹೋಗುತ್ತೆ. ಚೈನ್ ಅಗಲವೂ ಆಗೋದರಿಂದ ಎಂಜಿನ್ ಕೇಸಿಗೆ ಉಜ್ಜುತ್ತಾ ನೋಡಬೇಕು. 200 ಸಿಸಿ ಆಸುಪಾಸಿನ ಬೈಕಿನಲ್ಲಿ ಹಳ್ಳ, ಕೆಸರು ದಾಟೋರಾದರೆ ನಾನಂತೂ ಓ-ರಿಂಗನ್ನೇ ತಗೊಳ್ಳಿ ಅಂತೀನಿ. 100 ಸಿಸಿ ಬೈಕಿದ್ದು, ಪ್ರತಿ ರೈಡ್ ಆದಮೇಲೆ ಒರೆಸಿ ಎಣ್ಣೆ ಬಿಡೋ ಶಿಸ್ತಿದ್ದರೆ ಒಳ್ಳೇ ಕಂಪನಿಯ ಸಾದಾ ಚೈನ್ ಸಾಕು.

ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಮೂರನ್ನೂ ಒಟ್ಟಿಗೇ ಬದಲಿಸಿ. ಹಳೇ ಹಲ್ಲು ಹೊಸ ಚೈನನ್ನು ತಿಂದುಹಾಕುತ್ತೆ. ನೆಟ್‌ವರ್ಕ್ ಇಲ್ಲದ ಘಾಟಿಯಲ್ಲಿ ಚೈನ್ ತುಂಡಾಗಿ ಮುಂದಿನ ಸ್ಪ್ರಾಕೆಟ್ಟಿಗೆ ಸುತ್ತಿಕೊಂಡರೆ ಎಂಜಿನ್ ಕೇಸೇ ಒಡೆಯಬಹುದು. ತೊಳೆಯೋಕೆ ಪೆಟ್ರೋಲ್ ಬೇಡ, ರಬ್ಬರ್ ಹಾಳಾಗುತ್ತೆ, ಸೀಮೆಎಣ್ಣೆ ಆದೀತು. ಕ್ಲಿಪ್ ಇರೋ ಚೈನ್ ಲಾಕ್ ಆದರೆ, ಅದರ ಮುಚ್ಚಿದ ತುದಿ ಚೈನ್ ಓಡೋ ದಿಕ್ಕಿಗೇ ಇದೆಯಾ ಅಂತ ಅಂಗಡಿ ಬಿಡೋ ಮುಂಚೆ ಬಗ್ಗಿ ನೋಡಿ.