ಕಾಲದ ಓಟ ನಿಧಾನವಾಯಿತೇ?

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. 1934ರಲ್ಲಿ ‘ಸತಿ ಸುಲೋಚನ’ ಚಿತ್ರದೊಂದಿಗೆ ಕನ್ನಡದ ಬೆಳ್ಳಿತೆರೆ ಮಾತು ಕಲಿಯಿತು. ಮರುವರ್ಷವೇ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಬಾನುಲಿ ಪ್ರಸಾರ ಆರಂಭಿಸಿದರು. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತಲೆಯೆತ್ತಿತು. ಹರಳೆಣ್ಣೆ ದೀಪದ ಬೆಳಕಿನಲ್ಲಿ ಹುಟ್ಟಿದ ವ್ಯಕ್ತಿ ನಡುವಯಸ್ಸಿಗೆ ಬರುವುದರೊಳಗೆ ಇಷ್ಟನ್ನೂ ಕಂಡಿರಬಹುದಿತ್ತು.

ಈಚಿನ ಐವತ್ತು ವರ್ಷಗಳಲ್ಲಿ ಅಂಥ ನೆಗೆತ ಕಾಣುತ್ತಿಲ್ಲ ಎಂಬ ವಾದವಿದೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ 1969ರಲ್ಲಿಯೇ ಶಬ್ದಕ್ಕಿಂತ ವೇಗದ ಕಾಂಕಾರ್ಡ್ ವಿಮಾನ ಮೊದಲ ಬಾರಿ ಹಾರಿತು. 2003ರಲ್ಲಿ ಅದು ನಿವೃತ್ತಿಯಾದ ಮೇಲೆ ಪ್ರಯಾಣಿಕರ ಪಾಲಿಗೆ ಆ ವೇಗವೇ ಇಲ್ಲವಾಯಿತು. 1870ರಿಂದ 1970ರವರೆಗಿನ ಶತಮಾನ ಮತ್ತೆ ಮರಳಲಾರದ ಅಪೂರ್ವ ಅವಧಿ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಗೋರ್ಡನ್ 2016ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ.

ಜನಪ್ರಿಯ ಸಂಸ್ಕೃತಿಯೂ ಹಿಂದಕ್ಕೆ ನೋಡುತ್ತಿರುವಂತಿದೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಮತ್ತೆ ತೆರೆಗೆ ಬಂದವು.

ಆದರೆ ಇದನ್ನು ಸೃಜನಶೀಲತೆಯ ಬಡತನವೆಂದು ತೀರ್ಮಾನಿಸುವ ಮುನ್ನ ಒಂದು ಮಾತು ನೆನೆಯಬೇಕು. ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಹಿಂದೆ ಹಳೆಯದು ಅಳಿದು ಹೊಸದಕ್ಕೆ ಜಾಗ ಬಿಡುತ್ತಿತ್ತು. ಈಗ ಅಜ್ಜನ ಕಾಲದ ಹಾಡೂ ಮೊಮ್ಮಗನ ಹಾಡೂ ಅಂಗೈಯಗಲದ ಮೊಬೈಲ್‌ನಲ್ಲಿ ಅಕ್ಕಪಕ್ಕ ಕುಳಿತಿವೆ. ಹೊಸಬರು ತಮ್ಮ ಓರಗೆಯವರೊಡನೆ ಮಾತ್ರವಲ್ಲ, ಹಿಂದಿನವರೆಲ್ಲರೊಡನೆಯೂ ಸ್ಪರ್ಧಿಸಬೇಕಾಗಿದೆ. ಹಳೆಯ ಕಥೆಯನ್ನು ಮತ್ತೆ ಹೇಳುವುದೇ ಜಡತೆಯೂ ಅಲ್ಲ. ಪಂಪ ಹೇಳಿದ ಭಾರತವನ್ನೇ ಶತಮಾನಗಳ ಬಳಿಕ ಕುಮಾರವ್ಯಾಸ ಹೊಸದಾಗಿಸಿದ.

ತಂತ್ರಜ್ಞಾನದ ಬದಲಾವಣೆ ಕಣ್ಣಿಗೆ ಬೀಳದಂತೆ ಒಳಗೆ ಸರಿದಿದೆ. 1971ರ ಇಂಟೆಲ್ ಚಿಪ್‌ನಲ್ಲಿ ಸುಮಾರು 2,300 ಟ್ರಾನ್ಸಿಸ್ಟರ್‌ಗಳಿದ್ದವು. ಇಂದಿನ ದುಬಾರಿ ಮೊಬೈಲ್‌ಗಳ ಚಿಪ್‌ನಲ್ಲಿ ಸಾವಿರ ಕೋಟಿಗೂ ಹೆಚ್ಚಿವೆ. ಹೊರಗಿನಿಂದ ಕಾಣುವುದು ಮಾತ್ರ ಒಂದು ಗಾಜಿನ ಹಲಗೆ.

ಹೊಸದು ಹುಟ್ಟುವ ವೇಗ ಬೇರೆ, ಅದು ಜನರನ್ನು ತಲುಪುವ ವೇಗ ಬೇರೆ. 1905ರಲ್ಲಿ ಬೆಂಗಳೂರಿಗೆ ಬಂದ ದೀಪ ಎಷ್ಟೋ ಬಡವರ ಗುಡಿಸಲು ಸೇರಲು ‘ಭಾಗ್ಯಜ್ಯೋತಿ’ ಯೋಜನೆಯವರೆಗೆ, ಅಂದರೆ ಹಲವು ದಶಕ ಕಾಯಬೇಕಾಯಿತು. 1995ರಲ್ಲಿ ಭಾರತಕ್ಕೆ ಬಂದ ಮೊಬೈಲ್ ಕೂಲಿಕಾರರ ಕೈಸೇರಲು ಅಷ್ಟು ಕಾಲ ಹಿಡಿಯಲಿಲ್ಲ. ಹಾಗಾಗಿ ಕಾಲ ನಿಧಾನವಾಯಿತೇ ಎಂಬ ಪ್ರಶ್ನೆಗೆ ಉತ್ತರ ಕೇಳುವವರು ನಿಂತ ಜಾಗವನ್ನು ಅವಲಂಬಿಸಿದೆ. ಬೀದಿದೀಪದ ಕೆಳಗೆ ನಿಂತವರಿಗೆ ಅಂದು ಕಾಲ ಓಡುತ್ತಿತ್ತು. ಹಳ್ಳಿಯಲ್ಲಿ ಬುಡ್ಡಿದೀಪದ ಮುಂದೆ ಕುಳಿತವರಿಗೆ ಅದು ನಿಂತಲ್ಲೇ ನಿಂತಿತ್ತು.