ಹಳೆಯ ವಿಳಾಸಗಳು: ಐವತ್ತು ವರ್ಷಗಳ ನಂತರ ಸಹಪಾಠಿಗಳನ್ನು ಹುಡುಕುತ್ತ



1976ರ ಜೂನ್ ತಿಂಗಳಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿಕೊಂಡು ಬಾಗಲಕೋಟೆಯ ಕಾಲೇಜಿಗೆ ಬಂದು ಸೇರಿದ ನಮ್ಮ ತಂಡಕ್ಕೆ 2026ರಲ್ಲಿ ಐವತ್ತು ವರ್ಷ ತುಂಬುತ್ತದೆ. ಈ ನಿಮಿತ್ತ ಎಲ್ಲರೂ ಒಮ್ಮೆ ಕೂಡಬೇಕೆಂದು ಗೆಳೆಯರು ನಿಶ್ಚಯಿಸಿದ್ದಾರೆ. ಇತಿಹಾಸ ಕಲಿಸಿದವನೆಂಬ ಕಾರಣಕ್ಕೆ, ಚದುರಿಹೋದವರನ್ನು ಹುಡುಕಿ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ನಾವು ಕಾಲೇಜು ಬಿಡುವಾಗ ಒಬ್ಬರ ವಿಳಾಸವನ್ನೊಬ್ಬರು ಬರೆದುಕೊಂಡಿದ್ದೆವು. ಆ ವಿಳಾಸಗಳನ್ನು ಹಿಡಿದು ಹೊರಟಾಗ ತಿಳಿದುಬಂದ ಸಂಗತಿಯೆಂದರೆ, ಅವುಗಳಲ್ಲಿ ಹೆಚ್ಚಿನವು ಇಂದು ಯಾವ ಮನೆಗೂ ತಲುಪುವುದಿಲ್ಲ. ಒಂದೊಂದು ವಿಳಾಸ ಏಕೆ ಅಳಿಯಿತು ಎಂದು ಕೇಳುತ್ತ ಹೋದರೆ ನಮ್ಮ ಸೀಮೆಯ ಅರ್ಧ ಶತಮಾನದ ಇತಿಹಾಸವೇ ತೆರೆದುಕೊಳ್ಳುತ್ತದೆ. ಆ ಇತಿಹಾಸವನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು.

ಮೊದಲಿಗೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಹುಡುಗರೆಲ್ಲ ಒಂದೇ ಕೊಠಡಿಯಲ್ಲಿ ಬಂದು ಕೂಡಿದ್ದು ಹೇಗೆ ಎಂಬುದನ್ನು ಹೇಳಬೇಕು. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಾಲೇಜು ಓದಬೇಕೆಂದರೆ 1885ರಲ್ಲಿ ಆರಂಭವಾದ ಪುಣೆಯ ಫರ್ಗ್ಯುಸನ್ ಕಾಲೇಜಿಗೆ, 1917ರ ನಂತರ ಧಾರವಾಡದ ಕರ್ನಾಟಕ ಕಾಲೇಜಿಗೆ, 1919ರ ನಂತರ ಸಾಂಗಲಿಯ ವಿಲಿಂಗ್ಡನ್ ಕಾಲೇಜಿಗೆ ಹೋಗಬೇಕಾಗಿತ್ತು. ಅನುಕೂಲವಂತರ ಮನೆಯ ಒಬ್ಬನೋ ಇಬ್ಬರೋ ಹೋಗುತ್ತಿದ್ದರು. ಉಳಿದವರ ಓದು ಮುಲ್ಕಿ ಪರೀಕ್ಷೆಗೆ ನಿಲ್ಲುತ್ತಿತ್ತು. ಬಾಗಲಕೋಟೆಯಲ್ಲಿ 1906ರಲ್ಲಿಯೇ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಶಾಲೆಗಳನ್ನೂ ಮುಂದೆ ಕಾಲೇಜುಗಳನ್ನೂ ತೆರೆಯಿತು. 1963ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಬಂದಿತು. ಹೀಗೆ ಉಚ್ಚ ಶಿಕ್ಷಣವು ಬಸ್ಸಿನ ದಾರಿಯ ದೂರಕ್ಕೆ ಬಂದುದರಿಂದಲೇ ನೇಕಾರರ, ಒಕ್ಕಲಿಗರ, ಪ್ರಾಥಮಿಕ ಶಾಲಾ ಮಾಸ್ತರರ ಮಕ್ಕಳು ಒಂದೇ ಬೆಂಚಿನ ಮೇಲೆ ಕೂಡುವಂತಾಯಿತು. ನಮ್ಮಲ್ಲಿ ಬಹಳ ಜನ ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. 1971ರಿಂದ 1973ರವರೆಗಿನ ಘೋರ ಬರಗಾಲವನ್ನು ಕಂಡು ಬಂದ ಮಕ್ಕಳು ನಾವು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದ ಕೈಗಳಿಂದಲೇ ಪುಸ್ತಕ ಹಿಡಿದವರೂ ನಮ್ಮೊಳಗಿದ್ದರು.

ಆಗ ಬರೆದುಕೊಂಡ ವಿಳಾಸಗಳ ಕೊನೆಯ ಸಾಲು ಎಲ್ಲರದೂ ಒಂದೇ: 'ಜಿಲ್ಲಾ ವಿಜಾಪುರ'. ಪಿನ್‌ಕೋಡ್ 1972ರಲ್ಲಿಯೇ ಜಾರಿಗೆ ಬಂದಿದ್ದರೂ ನಾವು ಯಾರೂ ಅದನ್ನು ಬರೆಯುತ್ತಿರಲಿಲ್ಲ. 1997ರ ಆಗಸ್ಟ್ 15ರಂದು ಬಾಗಲಕೋಟೆ, ಬಾದಾಮಿ, ಬೀಳಗಿ, ಹುನಗುಂದ, ಜಮಖಂಡಿ, ಮುಧೋಳ ಎಂಬ ಆರು ತಾಲ್ಲೂಕುಗಳು ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾಯಿತು. 2014ರಲ್ಲಿ ವಿಜಾಪುರದ ಅಧಿಕೃತ ಹೆಸರು ವಿಜಯಪುರ ಎಂದಾಯಿತು. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಇಳಕಲ್ಲೂ ಗುಳೇದಗುಡ್ಡವೂ ಸೇರಿದವು. ಹುನಗುಂದ ತಾಲ್ಲೂಕಿನವನೆಂದು ಬರೆದುಕೊಟ್ಟ ಇಳಕಲ್ಲಿನ ಗೆಳೆಯ ಮನೆ ಬಿಟ್ಟು ಎಲ್ಲಿಗೂ ಹೋಗಿಲ್ಲ. ಆದರೂ ಅವನ ತಾಲ್ಲೂಕೂ ಜಿಲ್ಲೆಯೂ ಎರಡೂ ಬದಲಾಗಿವೆ. ನಮ್ಮ ಪದವಿ ಪತ್ರಗಳ ಮೇಲೆ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆಯಿದೆ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವೂ, 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವೂ ಆರಂಭವಾದವು. ಒಂದೇ ಸೀಮೆಯಲ್ಲಿ ಓದಿದ ಅಜ್ಜ, ಮಗ, ಮೊಮ್ಮಗರ ಪದವಿ ಪತ್ರಗಳು ಮೂರು ವಿಶ್ವವಿದ್ಯಾಲಯಗಳವಾಗಬಹುದು.

ಇವೆಲ್ಲ ಕಾಗದದ ಮೇಲಿನ ಬದಲಾವಣೆಗಳು. ನೆಲದ ಮೇಲೆ ಆದ ಬದಲಾವಣೆ ಬಹು ದೊಡ್ಡದು. 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಆಗ ಅವರಿನ್ನೂ ಪ್ರಧಾನಿಯಾಗಿರಲಿಲ್ಲ. ನಾವು ನಾಲ್ಕೈದು ವರ್ಷದ ಮಕ್ಕಳು. ಕೃಷ್ಣೆಯ ನೀರನ್ನು ಮೂರು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪು ಗೆಜೆಟ್ಟಿನಲ್ಲಿ ಪ್ರಕಟವಾದದ್ದು 1976ರ ಮೇ 31ರಂದು. ಅಂದರೆ, ನಾವು ಟ್ರಂಕು ಹೊತ್ತು ಬಾಗಲಕೋಟೆಗೆ ಬರುವ ಕೆಲವೇ ದಿನಗಳ ಮುಂಚೆ, ಆ ಊರಿನ ಭವಿಷ್ಯವನ್ನು ನಿರ್ಧರಿಸುವ ಕಾಗದವೊಂದು ದಿಲ್ಲಿಯಲ್ಲಿ ಅಚ್ಚಾಗಿತ್ತು. ಆ ತೀರ್ಪಿನ ಪ್ರಕಾರ ಕೃಷ್ಣಾ ಮೇಲ್ದಂಡೆ ಯೋಜನೆಯ ಮೊದಲೆರಡು ಹಂತಗಳಿಗೆ ದೊರೆತ ನೀರು 173 ಟಿ.ಎಂ.ಸಿ.

ಅಣೆಕಟ್ಟು ಕೃಷ್ಣೆಗೆ ಕಟ್ಟಿದ್ದು. ಬಾಗಲಕೋಟೆ ಇರುವುದು ಘಟಪ್ರಭೆಯ ದಂಡೆಯ ಮೇಲೆ. ಆದರೆ ಕೃಷ್ಣೆಯನ್ನು ತಡೆದರೆ ಅವಳನ್ನು ಸೇರುವ ಘಟಪ್ರಭೆಯ ನೀರೂ ಹಿಂದಕ್ಕೆ ಒತ್ತಿ ನಿಲ್ಲುತ್ತದೆ. ಹಿನ್ನೀರು ಊರೊಳಗೆ ಬಂದದ್ದು ಹೀಗೆ. 2000ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಆಲಮಟ್ಟಿಯ ಎತ್ತರವನ್ನು 519.60 ಮೀಟರಿಗೆ ಮಿತಿಗೊಳಿಸಿತು. ಆ ಮಟ್ಟಕ್ಕೆ ನೀರು ನಿಂತಾಗಲೂ ಹಳೆಯ ಪಟ್ಟಣದ ತಗ್ಗಿನ ಓಣಿಗಳು ಉಳಿಯಲಿಲ್ಲ. ಊರವರಿಗಾಗಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರವು ನವನಗರವನ್ನು ಕಟ್ಟಿಸಿತು. ಈ ಹೊಸ ಊರಿನ ಯೋಜನೆಯಲ್ಲಿ ದೇಶದ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈಯಿತ್ತು. ಅಗಲವಾದ ರಸ್ತೆಗಳು, ಸಾಲು ಮರಗಳು, ಆಸ್ಪತ್ರೆ, ಕಚೇರಿಗಳು ಎಲ್ಲವೂ ಅಚ್ಚುಕಟ್ಟು. ಆದರೆ ಓಣಿಗೆ ಹೆಸರಿಲ್ಲ, ಸೆಕ್ಟರ್ ನಂಬರಿದೆ.

ಹಳೆಯ ಬಾಗಲಕೋಟೆಯ ಹೋಳಿ ಹಬ್ಬವನ್ನು ಕಂಡವರಿಗೆ ಕಿಲ್ಲಾ, ಹಳಪೇಟೆ, ಹೊಸಪೇಟೆ, ವೆಂಕಟಪೇಟೆ, ಜೈನಪೇಟೆ ಎಂಬ ಹೆಸರುಗಳು ಗೊತ್ತು. ದಿನಕ್ಕೊಂದು ಕಡೆಯವರು ಬಂಡಿಗಳಲ್ಲಿ ಬಣ್ಣದ ಬ್ಯಾರಲ್ಲು ಇಟ್ಟುಕೊಂಡು ಹಲಗೆಯ ಸದ್ದಿನೊಂದಿಗೆ ಬರುತ್ತಿದ್ದರು. ಇಂಥ ಪೇಟೆಯೊಂದರಲ್ಲಿ ಬೆಳೆದ ಗೆಳೆಯನೊಬ್ಬ ಈಗ ನವನಗರದಲ್ಲಿದ್ದಾನೆ. ನಾನು ಫೋನ್ ಮಾಡಿದಾಗ ಅವನ ಮೊದಲ ಮಾತು, "ಏನಪಾ ದೋಸ್ತ, ಇಷ್ಟ ವರ್ಷ ಎಲ್ಲಿದ್ದಿ?" ಎಂದು, ಎರಡನೆಯ ಮಾತು, "ಹೋಳಿಗೆ ಬಾ, ಆವಾಗ ನಮ್ಮ ಓಣ್ಯಾಗಿನವರು ಎಲ್ಲಾರೂ ಸಿಗತಾರ" ಎಂದು. ಓಣಿ ಚದುರಿದರೂ ಹಬ್ಬದ ದಿನ ಓಣಿಯ ಜನ ಹಳೆಯ ಊರಿಗೆ ಬಂದು ಕೂಡುತ್ತಾರೆ. ಅವನ ಮೂಲಕ ಅದೇ ಓಣಿಯ ಇನ್ನೂ ಇಬ್ಬರು ಸಹಪಾಠಿಗಳು ಸಿಕ್ಕರು.

ಹುನಗುಂದ ತಾಲ್ಲೂಕಿನ ನದೀತೀರದ ಗೆಳೆಯರ ಕಥೆ ಬೇರೆ. ಅಲ್ಲಿ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಬಂದಿತು. ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪದ ಸುತ್ತ ದೊಡ್ಡ ಬಾವಿಯಂತೆ ಗೋಡೆ ಕಟ್ಟಿ ಅದನ್ನು ಉಳಿಸಿಕೊಳ್ಳಲಾಗಿದೆ. ಸುತ್ತ ನೀರು, ಮೆಟ್ಟಿಲಿಳಿದು ಹೋದರೆ ಕೆಳಗೆ ಮಂಟಪ. ಆದರೆ ಎಲ್ಲ ಊರುಗಳಿಗೂ ಹೀಗೆ ಗೋಡೆ ಕಟ್ಟಲಾಗದು. ಮುಳುಗಿದ ಹಳ್ಳಿಗಳ ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ಹೊಸ ಊರಿಗೂ ಹಳೆಯ ಹೆಸರನ್ನೇ ಇಟ್ಟುಕೊಂಡರು. ಆದಕಾರಣ ಪತ್ರ ಹಾಕಿದರೆ ಹೆಸರೇನೋ ಸಿಗುತ್ತದೆ, ಮನೆ ಸಿಗುವುದಿಲ್ಲ. ಅಂಥ ಊರಿನ ಗೆಳೆಯನೊಬ್ಬ, ಪರಿಹಾರದ ಹಣದಲ್ಲಿ ಬೇರೆಡೆ ಹೊಲ ಸಿಗದೆ, ಗೋವೆಯಲ್ಲಿ ಗೌಂಡಿ ಕೆಲಸಕ್ಕೆ ಸೇರಿ, ಮುಂದೆ ಸಣ್ಣ ಗುತ್ತಿಗೆದಾರನಾಗಿ ಅಲ್ಲಿಯೇ ಉಳಿದಿದ್ದಾನೆ. ತರಗತಿಯಲ್ಲಿ ಗಣಿತದಲ್ಲಿ ಅವನೇ ಮೊದಲಿಗ.

ಇಳಕಲ್ ಮುಳುಗಲಿಲ್ಲ. ಅಲ್ಲಿ ಜನರನ್ನು ಕದಲಿಸಿದ್ದು ನೀರಲ್ಲ, ಮಗ್ಗದ ಆದಾಯ. ಕೈಮಗ್ಗಕ್ಕೆ ಮೀಸಲಾದ ಬಟ್ಟೆಗಳನ್ನು ವಿದ್ಯುತ್ ಮಗ್ಗದಲ್ಲಿ ನೇಯಬಾರದೆಂದು 1985ರಲ್ಲಿ ಕೇಂದ್ರ ಸರಕಾರ ಕಾನೂನು ಮಾಡಿತು. ಆದರೂ ಕೈಮಗ್ಗದ ನೇಕಾರನ ಮನೆಯಲ್ಲಿ ಮಕ್ಕಳು ಬೇರೆ ದಾರಿ ನೋಡುವುದು ತಪ್ಪಲಿಲ್ಲ. ನಮ್ಮ ನೇಕಾರ ಮನೆತನದ ಗೆಳೆಯರಲ್ಲಿ ಒಬ್ಬ ಬ್ಯಾಂಕಿನ ನೌಕರಿಯಲ್ಲಿ ಸೊಲ್ಲಾಪುರ ಸೇರಿದ, ಮತ್ತೊಬ್ಬ ಊರಿನ ಕೆಂಪು ಗ್ರಾನೈಟ್ ಕಲ್ಲಿನ ವ್ಯವಹಾರಕ್ಕಿಳಿದ. ಒಬ್ಬ ಮಾತ್ರ ಇಂದಿಗೂ ಮಗ್ಗ ಬಿಟ್ಟಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ರೇಷ್ಮೆಯ ಟೋಪ್ ತೆನೆ ಸೆರಗಿನ ಹಾಸು ಬೇರೆ ಎಂಬುದು ನಿಮಗೆ ಗೊತ್ತಿರಬಹುದು. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದು ಎಳೆ ತಪ್ಪಿದರೂ ಬಟ್ಟೆಯಲ್ಲಿ ಕಾಣುತ್ತದೆ. ನಮ್ಮ ಪಟ್ಟಿಯ ಕೆಲಸದಲ್ಲಿ ಅತಿ ಹೆಚ್ಚು ನೆರವಾದವನೂ ಈ ಗೆಳೆಯನೇ. ಅವನು ಇದ್ದಲ್ಲಿಯೇ ಇದ್ದುದರಿಂದ, ಹೋದವರೆಲ್ಲ ಊರಿಗೆ ಬಂದಾಗ ಅವನ ಮನೆಗೆ ಬಂದು ಹೋಗುತ್ತಿದ್ದರು.

ಬಾದಾಮಿ ಕಡೆಯವರು ಸಿಕ್ಕಿದ್ದು ಜಾತ್ರೆಯಿಂದ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ ನಮ್ಮ ಸೀಮೆಯ ದೊಡ್ಡ ಸಮ್ಮಿಲನ. ತೇರು ಎಳೆದ ಮೇಲೂ ವಾರಗಟ್ಟಲೆ ನಾಟಕ ಕಂಪನಿಗಳು, ಕಟ್ಟಿಗೆಯ ಬಾಗಿಲು ಚೌಕಟ್ಟುಗಳ ಅಂಗಡಿಗಳು ನಡೆಯುತ್ತವೆ. ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿರುವವರೂ ಹರಕೆಗಾಗಿ ಬರುತ್ತಾರೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನು ಕ್ರಿ.ಶ. 578ರಲ್ಲಿ ಶಾಸನ ಬರೆಸಿದ್ದರಿಂದ ಆ ಗುಹೆಯ ಕಾಲ ನಮಗೆ ಖಚಿತವಾಗಿ ತಿಳಿದಿದೆ. ನಾಲ್ಕು ಸಾಲು ಬರೆದಿಟ್ಟವರ ಕಾಲ ಹದಿನಾಲ್ಕು ನೂರು ವರ್ಷ ಉಳಿಯಿತು. ಐವತ್ತು ವರ್ಷದ ಹಿಂದಿನ ನಮ್ಮ ಓಣಿಗಳನ್ನು ಬರೆದಿಟ್ಟವರಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಸಹಪಾಠಿನಿಯರ ಹುಡುಕಾಟ. ಹಾಜರಿಯಲ್ಲಿ ಅವರ ಹೆಸರುಗಳು ಕೊನೆಯಲ್ಲಿ ಬರುತ್ತಿದ್ದವು, ಬೆರಳೆಣಿಕೆಯಷ್ಟು. ಮದುವೆಯಾದ ಮೇಲೆ ಅಡ್ಡಹೆಸರು ಬದಲಾಯಿತು. ಕೆಲವು ಮನೆತನಗಳಲ್ಲಿ ಗಂಡನ ಮನೆಯವರು ಹೆಸರನ್ನೇ ಬದಲಿಸಿದರು. ಊರು ಮುಳುಗಿದಾಗ ಗಂಡಸರ ಹೆಸರು ಪರಿಹಾರದ ಕಡತದಲ್ಲಾದರೂ ಉಳಿಯಿತು. ಈ ಹೆಣ್ಣುಮಕ್ಕಳ ಪಾಲಿಗೆ ತವರಿನ ಓಣಿಯೊಂದೇ ಗುರುತಾಗಿತ್ತು. ಪಂಚಮಿಗೆ ತವರಿಗೆ ಬರುವವರ ಸುದ್ದಿಯನ್ನು ಅಣ್ಣತಮ್ಮಂದಿರಲ್ಲಿ ವಿಚಾರಿಸಿ ಕೆಲವರನ್ನು ಪತ್ತೆ ಹಚ್ಚಿದೆವು. ಅವರಲ್ಲೊಬ್ಬರು ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿದ್ದಾರೆ. "ಅವ್ವ ಹೋದ ಮ್ಯಾಲೆ ಪಂಚಮಿಗೆ ಕರಿಯಾಕ ಯಾರೂ ಬಂದಿಲ್ಲರಿ ಸರ್, ನೀವು ಕರದ್ರಿ" ಎಂದು ಅವರು ಅಂದದ್ದನ್ನು ನಾನು ಮರೆಯಲಾರೆ.

ಈಗ ನಾವು ಹಂಚಿಕೊಳ್ಳುವ ಸುದ್ದಿಗಳು ಸಾಮಾನ್ಯವಾದವು: ನಿವೃತ್ತಿ, ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಪರವೂರಿನ ಮೊಮ್ಮಕ್ಕಳು. ಅವುಗಳ ನಡುವೆ ಅಗಲಿದವರ ಪಟ್ಟಿಯೂ ಇದೆ. 2020 ಮತ್ತು 2021ರ ಕೊರೋನಾ ಅದನ್ನು ಉದ್ದ ಮಾಡಿತು. ಪ್ರತಿಯೊಬ್ಬರೂ ಮಾತಿನ ಕೊನೆಗೆ ಹಳೆಯ ಊರಿಗೇ ಬರುತ್ತಾರೆ: ಯಾರ ಖಾನಾವಳಿಯಲ್ಲಿ ಉಂಡೆವು, ಯಾವ ಕಟ್ಟೆಯ ಮೇಲೆ ಓದಿದೆವು, ಯಾವ ದಾರಿಯಿಂದ ನದಿಗೆ ಇಳಿಯುತ್ತಿದ್ದೆವು ಎಂದು. ಸರಕಾರದ ಕಡತದಲ್ಲಿ ಮನೆಯ ಅಳತೆ, ಗೋಡೆಯ ಬೆಲೆ, ಮಾಲೀಕನ ಸಹಿ ಇವೆ. ಬಾಡಿಗೆಯ ಕೋಣೆಯಲ್ಲಿ ಮೂವರು ಹುಡುಗರಿಗೆ ಪರೀಕ್ಷೆಯ ದಿನಗಳಲ್ಲಿ ರೊಟ್ಟಿ ಮಾಡಿ ಕೊಟ್ಟ ಅಜ್ಜಿಯ ಹೆಸರು ಅಲ್ಲಿಲ್ಲ. ಅದು ಇರುವುದು ಆ ಮೂವರ ನೆನಪಿನಲ್ಲಿ ಮಾತ್ರ, ಅವರೀಗ ಇಬ್ಬರಾಗಿದ್ದಾರೆ.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. 2010ರ ಡಿಸೆಂಬರ್ 30ರಂದು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಯು ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಮೂರನೆಯ ಹಂತದಲ್ಲಿ ಮುಳುಗುವ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ದರವನ್ನು ತೀರ್ಮಾನಿಸಿತು. ನೀರು ಬೇಡವೆಂದು ನಾನು ಹೇಳಲಾರೆ. ಬರಗಾಲ ಕಂಡವನು ಹಾಗೆ ಹೇಳುವುದು ಶೋಭಿಸದು. ಹೊಲದ ದರವೂ ನ್ಯಾಯವಾಗಿ ಸಿಗಲಿ. ಆದರೆ ಓಣಿಗೆ ದರ ಕಟ್ಟುವ ಕಲಂ ಯಾವ ಕಾಯಿದೆಯಲ್ಲಿಯೂ ಇಲ್ಲ.

ಆದ್ದರಿಂದ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಅನೇಕರ ಊರುಗಳು ನದಿಯ ದಂಡೆಯಲ್ಲಿವೆ. ಮನೆಯ ಅಳತೆಗೆ ಅಧಿಕಾರಿಗಳು ಬರುವ ಮುನ್ನ, ಒಂದು ವಹಿ ತೆಗೆದುಕೊಂಡು ನಿಮ್ಮ ಓಣಿಯನ್ನು ಬರೆದಿಡಿ: ಈ ತುದಿಯಿಂದ ಆ ತುದಿಯವರೆಗೆ ಯಾರ ಮನೆ, ಯಾರ ಮಗ್ಗ, ಯಾರ ಮಗಳು ಯಾವ ಊರಿಗೆ ಸೊಸೆಯಾಗಿ ಹೋದಳು, ಯಾವ ಹುಡುಗ ಎಲ್ಲಿ ಓದುತ್ತಿದ್ದಾನೆ. ಬಾಡಿಗೆಯವರನ್ನೂ ಹೆಣ್ಣುಮಕ್ಕಳನ್ನೂ ಬಿಡಬೇಡಿ. ಇದಕ್ಕೆ ಎರಡು ದಿನ ಸಾಕು. ಇನ್ನೈವತ್ತು ವರ್ಷಕ್ಕೆ ನಿಮ್ಮ ಗೆಳೆಯರನ್ನು ಹುಡುಕಲು ನೀವು ಹೊರಟಾಗ ಆ ವಹಿ ಕೈಯಲ್ಲಿರಲಿ.

1976ರ ನಮ್ಮ ತಂಡದವರು ಯಾರಾದರೂ ನಿಮ್ಮ ಬಂಧುಗಳಲ್ಲಿ, ನೆರೆಹೊರೆಯಲ್ಲಿ ಇದ್ದರೆ ನನ್ನ ನಮಸ್ಕಾರ ತಿಳಿಸಿ, ಸಮ್ಮಿಲನಕ್ಕೆ ತಪ್ಪದೆ ಬರಹೇಳಿ. ಬರಲಾಗದವರು ಊರು, ಓಣಿ, ಮಕ್ಕಳ ಹೆಸರು ಬರೆದು ಕಳಿಸಿದರೂ ಸಾಕು. ಪಟ್ಟಿಯಲ್ಲಿ ಅವರ ಹೆಸರಿನ ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.