ಅಮೈನೊ ಆಮ್ಲ ಸಾಗಣೆ

ಅಮೈನೊ ಆಮ್ಲಗಳನ್ನು ಜೀವಕೋಶದ ಪೊರೆ ದಾಟಿಸಿ ಒಳಕ್ಕೆ ಅಥವಾ ಹೊರಕ್ಕೆ ಒಯ್ಯುವ ಕ್ರಿಯೆ. ಪೊರೆ ಕೊಬ್ಬಿನದಾದ್ದರಿಂದ ನೀರಿನಲ್ಲಿ ಕರಗುವ ಈ ಆಮ್ಲಗಳು ತಾವಾಗಿ ಅದನ್ನು ದಾಟಲಾರವು. ಪೊರೆಯಲ್ಲಿ ಹುದುಗಿರುವ ಸಾಗಣೆ ಪ್ರೋಟೀನುಗಳು ಅವನ್ನು ದಾಟಿಸುತ್ತವೆ. ಮನುಷ್ಯರಲ್ಲಿ ಇಂಥವು ಸುಮಾರು 60 ಬಗೆ. ಒಂದೇ ಪ್ರೋಟೀನು ಹಲವು ಆಮ್ಲಗಳನ್ನು ಒಯ್ಯುವುದರಿಂದ ಅವುಗಳ ನಡುವೆ ಪೈಪೋಟಿ ಇದ್ದೇ ಇರುತ್ತದೆ. ಉಂಡದ್ದಷ್ಟೇ ಮುಖ್ಯವಲ್ಲ, ಅದರಲ್ಲಿ ಎಷ್ಟು ಜೀವಕೋಶದ ಒಳಗೆ ಹೋಯಿತು ಎಂಬುದೂ ಅಷ್ಟೇ ಮುಖ್ಯ.

ಒಂದು ಆಮ್ಲ ಇನ್ನೊಂದಕ್ಕೆ ಅಡ್ಡಿಯಾದೀತೇ ಎಂಬ ಪ್ರಶ್ನೆ ನಮ್ಮ ಊಟದಲ್ಲೂ ಎದ್ದಿದೆ. ಕಮತಗಿ, ಹುನಗುಂದ, ಬಾದಾಮಿ, ಇಳಕಲ್ ಸೀಮೆಯ ನಿತ್ಯದ ಊಟ ಜೋಳದ ರೊಟ್ಟಿ. ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಹೆಚ್ಚು, ಲೈಸಿನ್ ಬಹಳ ಕಡಿಮೆ. ದಖ್ಖನ್ ಪ್ರಸ್ಥಭೂಮಿಯಲ್ಲಿ ಜೋಳವನ್ನೇ ನೆಚ್ಚಿದ ಬಡವರಲ್ಲಿ ಪೆಲಾಗ್ರ ಎಂಬ ರೋಗ ಕಾಣಿಸಿಕೊಳ್ಳುತ್ತಿತ್ತು. ಬಿಸಿಲು ಬೀಳುವ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿಭ್ರಮೆ ಇದರ ಲಕ್ಷಣಗಳು. ಮೂಲ ನಿಯಾಸಿನ್ ಎಂಬ ವಿಟಮಿನ್ನಿನ ಕೊರತೆ. ದೇಹ ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ 1 ಮಿಲಿಗ್ರಾಂ ನಿಯಾಸಿನ್ ತಯಾರಿಸಿಕೊಳ್ಳಬಲ್ಲದು. ಜೋಳದಲ್ಲಿನ ಹೆಚ್ಚುವರಿ ಲ್ಯೂಸಿನ್ ಈ ತಯಾರಿಕೆಯನ್ನು ಕೆಡಿಸುತ್ತದೆ ಎಂದು ಹೈದರಾಬಾದಿನ ಪೋಷಣ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವಾದಿಸಿದರು. ಮುಂದೆ ಎಲ್ಲ ಪ್ರಯೋಗಗಳೂ ಈ ವಾದವನ್ನು ಎತ್ತಿಹಿಡಿಯಲಿಲ್ಲ. ಆದರೂ ಒಂದು ಅಮೈನೊ ಆಮ್ಲದ ಅತಿಯಿಂದ ಇನ್ನೊಂದಕ್ಕೆ ತೊಂದರೆಯಾದೀತು ಎಂಬ ಪ್ರಶ್ನೆಯನ್ನು ನಮ್ಮ ರೊಟ್ಟಿಯಿಂದಲೇ ಎತ್ತಿದ್ದು ದೊಡ್ಡ ಕೆಲಸ. ಇದರಿಂದ ಜೋಳವನ್ನು ದೂರುವಂತಿಲ್ಲ. ರೊಟ್ಟಿಯ ಜೊತೆಗಿನ ಶೇಂಗಾ ಚಟ್ನಿಯಲ್ಲಿ ನಿಯಾಸಿನ್ ಹೇರಳ. ಹೆಸರುಕಾಳು, ಮಡಕಿಕಾಳಿನ ಪಲ್ಯ ಲೈಸಿನ್ ಕೊರತೆಯನ್ನು ತುಂಬುತ್ತದೆ. ಬರಿ ರೊಟ್ಟಿ, ಖಾರದ ಮೇಲೆ ದಿನ ದೂಡಬೇಕಾದ ಬಡತನವೇ ರೋಗಕ್ಕೆ ದಾರಿ.

ಪೆಲಾಗ್ರವನ್ನೇ ಹೋಲುವ ಚರ್ಮದ ಬಾಧೆ ಹಾರ್ಟ್ನಪ್ ರೋಗದಲ್ಲೂ ಇದೆ. ಇದನ್ನು 1956ರಲ್ಲಿ ಲಂಡನ್ನಿನ ಒಂದು ಕುಟುಂಬದಲ್ಲಿ ಗುರುತಿಸಲಾಯಿತು. ಇಲ್ಲಿ ಊಟಕ್ಕೆ ಕೊರತೆಯಿಲ್ಲ. ಟ್ರಿಪ್ಟೊಫ್ಯಾನನ್ನು ಕರುಳು ಮತ್ತು ಮೂತ್ರಪಿಂಡದಲ್ಲಿ ಹೀರಿಕೊಳ್ಳುವ ಪ್ರೋಟೀನೇ ಕೆಟ್ಟಿರುತ್ತದೆ. ಅದರ ಜೀನ್ ಎಸ್‌ಎಲ್‌ಸಿ6ಎ19 ಎಂದು 2004ರಲ್ಲಿ ತಿಳಿಯಿತು. ನಿಯಾಸಿನ್‌ನ ಒಂದು ರೂಪವಾದ ನಿಕೊಟಿನಮೈಡ್ ಮಾತ್ರೆ ಮತ್ತು ಪ್ರೋಟೀನು ಸಮೃದ್ಧ ಆಹಾರದಿಂದ ರೋಗ ಹತೋಟಿಗೆ ಬರುತ್ತದೆ. ಇದೇ ಪ್ರೋಟೀನನ್ನು ಬೇಕೆಂದೇ ತಡೆದರೆ ಫಿನೈಲ್‌ಅಲನಿನ್ ಎಂಬ ಅಮೈನೊ ಆಮ್ಲ ರಕ್ತದಲ್ಲಿ ಶೇಖರವಾಗುವ ಫಿನೈಲ್‌ಕೀಟೋನ್ಯೂರಿಯ ರೋಗ ಇರುವವರಲ್ಲಿ ಅದರ ಹೆಚ್ಚುವರಿ ಭಾಗ ಮೂತ್ರದ ಮೂಲಕ ಹೊರಹೋಗುತ್ತದೆ. ಅಂಥ ಔಷಧಗಳ ಪರೀಕ್ಷೆ ಮನುಷ್ಯರಲ್ಲಿ ನಡೆದಿದೆ.

ಸಾಗಣೆ ಪ್ರೋಟೀನು ಕೆಟ್ಟು ಮೂತ್ರಪಿಂಡ ಸಿಸ್ಟಿನ್ ಎಂಬ ಅಮೈನೊ ಆಮ್ಲವನ್ನು ಮರಳಿ ಹೀರದಿದ್ದರೆ ಕಲ್ಲು ಕಟ್ಟುತ್ತದೆ; ಈ ರೋಗವೇ ಸಿಸ್ಟಿನ್ಯೂರಿಯ.

ಮಿದುಳಿನ ಗಾಬಾ ಕೂಡ ಅಮೈನೊ ಆಮ್ಲವೇ. ನರಕೋಶಗಳ ಅತಿ ಉದ್ರೇಕವನ್ನು ತಣಿಸುವುದು ಅದರ ಕೆಲಸ. ನರಸಂಧಿಯಿಂದ ಅದನ್ನು ಸೋಡಿಯಂ, ಕ್ಲೋರೈಡ್ ಅಯಾನುಗಳೊಂದಿಗೆ ಗ್ಯಾಟ್-1 ಪ್ರೋಟೀನು ಒಳಕ್ಕೆ ಎಳೆದುಕೊಳ್ಳುತ್ತದೆ. ಪ್ರೋಟೀನು ಮೊದಲು ಹೊರಕ್ಕೆ ಬಾಯಿ ತೆರೆದು ಗಾಬಾ ಹಿಡಿದು, ಆಮೇಲೆ ಆ ಬಾಯಿ ಮುಚ್ಚಿ ಕೋಶದೊಳಕ್ಕೆ ತೆರೆಯುತ್ತದೆ; ಎರಡೂ ಕಡೆ ಒಟ್ಟಿಗೆ ತೆರೆಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರವಿಂದ್ ಪೆನ್ಮತ್ಸ ಅವರ ತಂಡ ಇಲಿಯ ಗ್ಯಾಟ್-1ರ ರಚನೆಯನ್ನು ಕ್ರಯೊ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಬಿಡಿಸಿ 2023ರಲ್ಲಿ ಪ್ರಕಟಿಸಿತು. ಪ್ರೋಟೀನು ಕೋಶದೊಳಕ್ಕೆ ತೆರೆದುಕೊಂಡ ಸ್ಥಿತಿ ಅದರಲ್ಲಿ ಸ್ಪಷ್ಟವಾಗಿ ಕಂಡಿತು. ಗ್ಯಾಟ್-1 ತಡೆಯುವ ಟಯಗಾಬಿನ್ ಈಗಾಗಲೇ ಮೂರ್ಛೆರೋಗಕ್ಕೆ ಬಳಕೆಯಲ್ಲಿದೆ. ಇನ್ನೂ ಒಳ್ಳೆಯ ಔಷಧ ರೂಪಿಸಲು ಇಂಥ ರಚನೆಗಳೇ ಆಧಾರ.

ಲ್ಯೂಸಿನ್, ಟ್ರಿಪ್ಟೊಫ್ಯಾನ್ ಎರಡನ್ನೂ ರಕ್ತದಿಂದ ಮಿದುಳಿಗೆ ದಾಟಿಸುವ ಲ್ಯಾಟ್-1 ಎಂಬ ಪ್ರೋಟೀನು ಅನೇಕ ಕ್ಯಾನ್ಸರ್ ಕೋಶಗಳಲ್ಲಿ ವಿಪರೀತ ಹೆಚ್ಚಿರುತ್ತದೆ. ಅದನ್ನು ಕಟ್ಟಿಹಾಕುವ ನಾನ್ವುರಾನ್‌ಲ್ಯಾಟ್ ಔಷಧವನ್ನು ಜಪಾನಿನಲ್ಲಿ ಪಿತ್ತನಾಳದ ಕ್ಯಾನ್ಸರಿನ ಮೇಲೆ ಪರೀಕ್ಷಿಸಲಾಗಿದೆ. ಪಾರ್ಕಿನ್ಸನ್ ರೋಗದ ಲೆವೊಡೋಪಾ ಮಿದುಳನ್ನು ಸೇರುವುದೂ ಲ್ಯಾಟ್-1ರ ಮೂಲಕವೇ. ಬೇಳೆ, ಮೊಟ್ಟೆ, ಮಾಂಸದ ಊಟದ ಜೊತೆ ಈ ಮಾತ್ರೆ ನುಂಗಿದರೆ ಊಟದ ಅಮೈನೊ ಆಮ್ಲಗಳ ಪೈಪೋಟಿಯಿಂದ ಅದರ ಪರಿಣಾಮ ತಗ್ಗಬಹುದು. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಲು ಹೇಳುತ್ತಾರೆ. ಹೊತ್ತನ್ನು ವೈದ್ಯರನ್ನು ಕೇಳಿಯೇ ಗೊತ್ತುಮಾಡಿಕೊಳ್ಳಬೇಕು.